ಪಂಚಮ ಇಳಿದದ್ದೆಲ್ಲಿ? ಕಲಬುರಗಿಯ ಒಂದು ಮನೆ, ಒಂದು ಕಂಪ್ಯೂಟರ್

ಕಳೆದ ಏಪ್ರಿಲ್‌ನ ಒಂದು ಸಂಜೆ ಸೇಡಂ ರಸ್ತೆ ಕಡೆಯಿಂದ ಫೋನ್ ಬಂತು. ಮಾತಾಡಿದವರು ನಿವೃತ್ತ ಹೈಸ್ಕೂಲ್ ಮಾಸ್ತರರು. ನನಗೆ ಪಾಠ ಹೇಳಿದವರಲ್ಲ. ಆದರೂ ಆ ಓಣಿಯಲ್ಲಿ ಎಲ್ಲರೂ ಅವರನ್ನು ಮಾಸ್ತರ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

"ತಮ್ಮಾ, ನನ್ನ ಕಂಪ್ಯೂಟರ್‌ನಾಗ ತಂಬೂರಿ ಸರಿ ಇಲ್ಲ ನೋಡು. ಪಂಚಮ ಇಳಿದದ. ಒಮ್ಮೆ ಬಂದು ನೋಡ್ತಿಯೇನು?"

ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಸೌಂಡ್ ಬರಲ್ಲ, ಒಂದೇ ಕಡೆ ಬರುತ್ತದೆ, ಕರಕರ ಅನ್ನುತ್ತದೆ, ಇವು ದಿನಾ ಕೇಳುವ ದೂರುಗಳು. ಪಂಚಮ, ಅಂದರೆ ಸರಿಗಮಪದ ಪ, ಇಳಿದಿದೆ ಅಂತ ಯಾರೂ ಹೇಳಿರಲಿಲ್ಲ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಮನೆಯ ಕಂಪ್ಯೂಟರ್‌ನಲ್ಲಿ ಹಾಡು ಚೆನ್ನಾಗಿ ಕೇಳಬೇಕು ಅಂದ ಕೂಡಲೇ ಜನ ಹೊಸ ಸಾಮಾನು ಕೊಳ್ಳಲು ಹೋಗುತ್ತಾರೆ. ಈ ಮನೆಯಲ್ಲಿ ನಾವು ಕೊಂಡದ್ದು ಕಡಿಮೆ, ಹುಡುಕಿದ್ದು ಜಾಸ್ತಿ. ಹುಡುಕಾಟಕ್ಕೆ ದಾರಿ ತೋರಿಸಿದ್ದು ಮಾಸ್ತರರ ಕಿವಿ ಮತ್ತು ಅವರು ಆಡಿದ ನಾಲ್ಕು ಮಾತು.

ಮನೆ ಮತ್ತು ಸಾಮಾನು

ಹಳೆಯ ಮನೆ. ಕೆಳಗೆ ಮೂರು ಕೋಣೆ. ಮೇಲೆ ಆಮೇಲೆ ಕಟ್ಟಿಸಿದ ಒಂದು ಚಿಕ್ಕ ಕೋಣೆ. ಅಗಲ ಎಂಟು ಅಡಿ, ಉದ್ದ ಹನ್ನೊಂದು ಅಡಿ. ನೆಲಕ್ಕೆ ಶಹಾಬಾದ್ ಫರಸಿ. ಗೋಡೆ ಬರೀ ಸುಣ್ಣದ್ದು. ಒಂದು ಮೂಲೆಯಲ್ಲಿ ಕಬ್ಬಿಣದ ಅಲಮಾರಿ, ಅದರ ತುಂಬ ಕ್ಯಾಸೆಟ್. ಹತ್ತಿರ ಹತ್ತಿರ 300 ಇರಬಹುದು. ನಿವೃತ್ತಿಯಾದ ಮೇಲೆ ಮಾಸ್ತರರು ಅವನ್ನು ಒಂದೊಂದಾಗಿ ಕಂಪ್ಯೂಟರ್‌ಗೆ ಏರಿಸುತ್ತಾ ಬಂದಿದ್ದರು.

ಕಂಪ್ಯೂಟರ್ ಎಂಟು ವರ್ಷದ ಹಳೆಯ ಡೆಸ್ಕ್‌ಟಾಪ್, ವಿಂಡೋಸ್ 10. ಸ್ಪೀಕರ್ ಮಾತ್ರ ಒಳ್ಳೆಯವು. ಬೆಂಗಳೂರಿನಲ್ಲಿರುವ ಮಗ ಕೊಡಿಸಿದ್ದು, ನಾಲ್ಕು ಇಂಚಿನ ಜೋಡಿ. ಆಂಪ್ಲಿಫೈಯರ್ ಒಳಗೇ ಇರುವ ಥರದವು, ಮೂರು ಪಿನ್ನಿನ ಪ್ಲಗ್.

ದೂರು ಇದ್ದದ್ದು ಒಂದು ಕ್ಯಾಸೆಟ್ ಬಗ್ಗೆ. 1988ರಲ್ಲಿ ಅವರ ಅಣ್ಣ ಇದೇ ಮನೆಯಲ್ಲಿ ಕೂತು ಹಾಡಿದ್ದು. ಅಣ್ಣ ಈಗಿಲ್ಲ. ಅವರ ದನಿ ಉಳಿದಿರುವುದು ಆ ಒಂದು ಟೇಪಿನಲ್ಲಿ ಮಾತ್ರ.

"ನಮ್ಮಣ್ಣ ತಂಬೂರಿ ಹಂಗ ಬಿಡಾವಲ್ಲ. ಶ್ರುತಿ ಕೂಡಸಲಾಕೇ ಅರ್ಧ ತಾಸು ತಗೋತಿದ್ದ. ಇಲ್ಲಿ ಕೇಳಿದ್ರ ಪಂಚಮ ನಡುಗಿದಂಗ ಆಗ್ತದ."

ನಾನು ಕೇಳಿದೆ. ನನಗೆ ಮೊದಲು ಏನೂ ಗೊತ್ತಾಗಲಿಲ್ಲ. ತಂಬೂರಿ ತಂಬೂರಿಯ ಹಾಗೇ ಇತ್ತು. ಮಾಸ್ತರರು ಕೈ ಎತ್ತಿ, ಪಂಚಮದ ತಂತಿ ಮೀಟಿದಾಗಲೆಲ್ಲ ಬೆರಳು ಆಡಿಸಿ ತೋರಿಸಿದರು. ಹತ್ತು ನಿಮಿಷ ಹಾಗೆ ಕೇಳಿದ ಮೇಲೆ ನನಗೂ ಸಿಕ್ಕಿತು. ಆ ತಂತಿಯ ದನಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸೆಕೆಂಡಿಗೆ ಮೂರು ನಾಲ್ಕು ಸಲ ಏರಿ ಇಳಿದು ತೂಗುತ್ತಿತ್ತು. ಷಡ್ಜದ, ಅಂದರೆ ಸ ನುಡಿಯುವ, ತಂತಿಗಳಲ್ಲಿ ಅದು ಇರಲಿಲ್ಲ.

ಇದಕ್ಕೂ ಮೊದಲು ಅವರು ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿದ್ದರು. ಅಲ್ಲಿ ದುಬಾರಿ ಡ್ಯಾಕ್ ಮತ್ತು ದಪ್ಪ ಕೇಬಲ್ ಹಾಕಿಸಿ, ಎಲ್ಲ ಸರಿಹೋಗುತ್ತದೆ ಅಂದಿದ್ದರಂತೆ. ಡ್ಯಾಕ್ ಅಂದರೆ ಕಂಪ್ಯೂಟರ್‌ನ ಅಂಕಿಗಳನ್ನು ಸದ್ದಿನ ವಿದ್ಯುತ್ತಾಗಿ ಮಾಡುವ ಪೆಟ್ಟಿಗೆ. ಅದು ಒಳ್ಳೆಯ ವಸ್ತುವೇ. ಆದರೆ ಒಂದೇ ಒಂದು ತಂತಿಯನ್ನು ಬೇಸುರ ಮಾಡುವ ಸೌಂಡ್ ಕಾರ್ಡ್ ನಾನು ಕಂಡಿಲ್ಲ. ಸೌಂಡ್ ಕಾರ್ಡ್ ಕೆಟ್ಟರೆ ತಂಬೂರಿಯ ನಾಲ್ಕೂ ತಂತಿ ಕೆಡಬೇಕು. ಸ್ವಲ್ಪ ತಡೀರಿ ಮಾಸ್ತರ್, ಮೊದಲು ಹುಡುಕೋಣ ಅಂದೆ.

ಎಲ್ಲಿದೆ ದೋಷ?

ಮೊದಲ ಅನುಮಾನ ಟೇಪಿನ ಮೇಲೆ. ಹಳೆಯ ಕ್ಯಾಸೆಟ್ ಪ್ಲೇಯರ್ ನಿಧಾನ ಓಡಿದರೆ ಶ್ರುತಿ ಇಳಿಯುತ್ತದೆ. ಆದರೆ ಹಾಗೆ ಇಳಿದರೆ ನಾಲ್ಕೂ ತಂತಿ ಒಟ್ಟಿಗೆ ಇಳಿಯುತ್ತವೆ. ಹಾಡುವವರ ದನಿಯೂ ಅವುಗಳ ಜೊತೆಗೇ ಇಳಿಯುತ್ತದೆ. ಷಡ್ಜ ಪಂಚಮದ ನಡುವಿನ ಅಂತರ ಮಾತ್ರ ಬದಲಾಗಲ್ಲ. ಟೇಪನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಫೈಲ್. ಅದೇ ಫೈಲನ್ನು ನನ್ನ ಫೋನಿಗೆ ಹಾಕಿ, ವೈರಿನ ಹೆಡ್‌ಫೋನ್ ಕೊಟ್ಟು ಮಾಸ್ತರರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ತಂಬೂರಿ ಒಂದು ಸುತ್ತು ಬಂತು, ಎರಡು ಸುತ್ತು ಬಂತು. "ಇದ್ರಾಗ ಸರಿ ಅದ" ಅಂದರು. ಅವರ ಮುಖದ ಮೇಲೆ ಬಂದ ಸಮಾಧಾನ ನೋಡಿ ನನಗೂ ಜೀವ ಬಂದಂತಾಯಿತು. ಅಣ್ಣನ ಶ್ರುತಿ ತಪ್ಪಿರಲಿಲ್ಲ. ಫೈಲೂ ಸರಿಯಿತ್ತು. ದೋಷ ಇದ್ದದ್ದು ಕಂಪ್ಯೂಟರ್‌ನಿಂದ ಕಿವಿಯವರೆಗಿನ ದಾರಿಯಲ್ಲಿ.

ಆದರೂ ಕಣ್ಣಿಂದ ನೋಡೋಣ ಅಂತ ಫೈಲನ್ನು ಆಡಾಸಿಟಿಯಲ್ಲಿ ತೆರೆದೆ. ಅದು ಉಚಿತ ಪ್ರೋಗ್ರಾಂ. ಬರೀ ತಂಬೂರಿ ಇರುವ ತುಣುಕನ್ನು ಆರಿಸಿ, ಅನಲೈಸ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ಒತ್ತಿದರೆ ಯಾವ ಕಂಪನ ಎಷ್ಟಿದೆ ಅಂತ ಚಿತ್ರ ಬರುತ್ತದೆ. ಅಲ್ಲಿ ಸೈಜ್ ಅನ್ನುವ ಕಡೆ 65536 ಇಡಬೇಕು. ಚಿಕ್ಕದಿಟ್ಟರೆ ಹತ್ತಿರದ ಎರಡು ಸ್ವರ ಒಂದೇ ಗುಡ್ಡವಾಗಿ ಕಾಣುತ್ತವೆ.

ಅಣ್ಣನ ಷಡ್ಜ ಪೇಟಿಯ (ಹಾರ್ಮೋನಿಯಂ) ಮೊದಲ ಕರಿ ಮನೆ, ಹಾಡುವವರು ಕಾಲಿ ಏಕ್ ಅನ್ನುತ್ತಾರಲ್ಲ, ಅದು. ಅದರ ಕಂಪನ ಸೆಕೆಂಡಿಗೆ ಸುಮಾರು 138.6. ಗಂಡಸರ ತಂಬೂರಿಯಲ್ಲಿ ಪಂಚಮದ ತಂತಿ ಷಡ್ಜಕ್ಕಿಂತ ಕೆಳಗಿನದು. ಷಡ್ಜದ ಮುಕ್ಕಾಲು ಭಾಗ. ಲೆಕ್ಕ ಹಾಕಿದರೆ 104. ಖರ್ಜದ ತಂತಿ ಷಡ್ಜದ ಅರ್ಧ, ಅಂದರೆ 69ರ ಸುತ್ತಮುತ್ತ. ಚಿತ್ರದಲ್ಲಿ ಈ ಮೂರೂ ಅವವುಗಳ ಜಾಗದಲ್ಲೇ ಇದ್ದವು.

ಆಮೇಲೆ ಹಾಡು ನಿಲ್ಲಿಸಿ ಫ್ಯಾನ್ ಬಂದ್ ಮಾಡಿದೆವು. ಕಿಟಕಿ ಮುಚ್ಚಿದೆವು. ಸ್ಪೀಕರ್ ಹತ್ತಿರ ಕಿವಿ ಇಟ್ಟೆ. ಗುಂಯ್ ಅಂತ ಸಣ್ಣ ಸದ್ದು. ಬಿಟ್ಟೂಬಿಡದೆ ಒಂದೇ ಸಮ. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಚ್ಚಿ ಸ್ಪೀಕರ್ ಮುಂದೆ ಹಿಡಿದೆ. ಎದ್ದು ನಿಂತ ಗೆರೆ 100ರ ಮೇಲೆ.

ಅಲ್ಲಿಗೆ ಎಲ್ಲ ತಿಳಿಯಿತು. ನಮ್ಮ ಮನೆಗಳ ಕರೆಂಟು 230 ವೋಲ್ಟ್, ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಅದು ಆಡಿಯೋ ವೈರಿನೊಳಗೆ ನುಸುಳಿದರೆ 50ರ ಸದ್ದು ಬರುತ್ತದೆ, ಅದರ ಜೊತೆ 100, 150 ಹೀಗೆ ಗುಣಕಗಳೂ ಬರುತ್ತವೆ. ನಾಲ್ಕು ಇಂಚಿನ ಸ್ಪೀಕರಿಗೆ 50ನ್ನು ಹೊರಡಿಸುವ ಶಕ್ತಿ ಕಡಿಮೆ. 100 ಚೆನ್ನಾಗಿ ಹೊರಡುತ್ತದೆ. ಹತ್ತಿರ ಹತ್ತಿರದ ಎರಡು ಸ್ವರ ಒಟ್ಟಿಗೆ ನುಡಿದರೆ ಅವುಗಳ ವ್ಯತ್ಯಾಸ ಎಷ್ಟೋ ಅಷ್ಟು ಸಲ ಸದ್ದು ತೂಗುತ್ತದೆ. 104ರಿಂದ 100 ಕಳೆದರೆ ನಾಲ್ಕು. ಮಾಸ್ತರರು ಬೆರಳಿನಲ್ಲಿ ತೋರಿಸಿದ್ದ ನಡುಕ ಅದೇ. ಎರಡು ತಂಬೂರಿ ಕೂಡಿಸುವಾಗ ಈ ತೂಗಾಟ ಕೇಳಿಕೊಂಡೇ ತಂತಿ ಬಿಗಿ ಮಾಡುತ್ತಾರಲ್ಲ, ಅದನ್ನೇ ಕೇಳಿ ಕೇಳಿ ಪಳಗಿದ ಕಿವಿ ಅವರದು. ಬೇರೆ ಯಾರಿಗಾದರೂ ಇದು ಸುಮ್ನೆ ಒಂದು ಗುಂಯ್ ಸದ್ದು. ಅವರಿಗೆ ಅದು ಇಳಿದ ಪಂಚಮ.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಮಾಸ್ತರರು ಬಹಳ ಹೊತ್ತು ಆ ಕಾಗದ ನೋಡುತ್ತಾ ಕೂತರು.

ಎರಿ ಮಣ್ಣಿನ ಸಂಗತಿ

ಹೊರಡುವ ಹೊತ್ತಿಗೆ ಅವರು ಇನ್ನೊಂದು ಮಾತು ಹೇಳಿದರು. "ಮಳಿಗಾಲದಾಗ ಇದು ಇಷ್ಟು ಇರಲ್ಲಪಾ. ಬ್ಯಾಸಗ್ಯಾಗ ಜಾಸ್ತಿ ಆಗ್ತದ."

ರಾತ್ರಿಯೆಲ್ಲ ಆ ಮಾತು ತಲೆಯಲ್ಲಿ ಓಡಿತು. ಮಳೆಗೂ ಸ್ಪೀಕರಿಗೂ ಏನು ಸಂಬಂಧ? ಸಂಬಂಧ ಇರಬೇಕಾದರೆ ಅದು ನೆಲದ ಮೂಲಕವೇ ಇರಬೇಕು. ಅಂದರೆ ಅರ್ಥಿಂಗ್.

ಮರುದಿನ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದುಕೊಂಡು ಹೋದೆ. ವೈರಿಂಗ್ ಬಿಚ್ಚಿ ನೋಡಿದಾಗ ಕತೆ ಹೊರಗೆ ಬಂತು. ಮೇಲಿನ ಕೋಣೆ ಕಟ್ಟಿಸಿದಾಗ ಹಿತ್ತಲಲ್ಲಿ ಬೇರೆ ಗುಂಡಿ ತೋಡಿ ಅದಕ್ಕೆ ಬೇರೆ ಅರ್ಥಿಂಗ್ ಕೊಟ್ಟಿದ್ದರು. ಸ್ಪೀಕರ್ ಹಚ್ಚಿದ್ದು ಆ ಕೋಣೆಯ ಬೋರ್ಡಿಗೆ. ಕೆಲವು ವರ್ಷ ಬಿಟ್ಟು, ಕರೆಂಟ್ ಹೋದರೆ ಕಂಪ್ಯೂಟರ್ ಆರಬಾರದು ಅಂತ ಕೆಳಗಿನ ಇನ್ವರ್ಟರ್‌ನಿಂದ ಒಂದು ಲೈನ್ ಮೇಲಕ್ಕೆ ತಂದಿದ್ದರು. ಅದರ ಅರ್ಥ್ ವೈರ್ ಮುಂಬಾಗಿಲ ಪಕ್ಕದ ಹಳೆಯ ಗುಂಡಿಗೆ ಹೋಗುತ್ತಿತ್ತು. ಒಂದೇ ಮೇಜಿನ ಮೇಲೆ ಕಂಪ್ಯೂಟರ್‌ಗೆ ಒಂದು ನೆಲ, ಸ್ಪೀಕರಿಗೆ ಇನ್ನೊಂದು ನೆಲ. ಎರಡನ್ನೂ ಜೋಡಿಸಿದ್ದು ಆಡಿಯೋ ಕೇಬಲ್ ಒಂದೇ.

ಮಲ್ಟಿಮೀಟರ್ ಹಿಡಿದು ಎರಡು ಅರ್ಥ್‌ಗಳ ನಡುವೆ ನೋಡಿದರೆ 3 ವೋಲ್ಟಿನ ಆಸುಪಾಸು ತೋರಿಸಿತು. ಕೇಳಲು ಚಿಕ್ಕದು. ಆದರೆ ಕಂಪ್ಯೂಟರ್‌ನಿಂದ ಸ್ಪೀಕರಿಗೆ ಹೋಗುವ ಹಾಡಿನ ಸಿಗ್ನಲ್ಲೇ ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಕಡಿಮೆ ಇರುತ್ತದೆ. ಎರಡು ನೆಲಗಳ ವ್ಯತ್ಯಾಸದಿಂದ ಕೇಬಲ್ಲಿನ ಹೊರಕವಚದಲ್ಲಿ ಕರೆಂಟು ಹರಿಯುತ್ತದೆ. ಅದರಲ್ಲಿ ಕೆಲವೇ ಮಿಲಿವೋಲ್ಟ್ ಸಿಗ್ನಲ್ಲಿಗೆ ಸೇರಿದರೂ ಕಿವಿಗೆ ಗೊತ್ತಾಗುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ.

ಮಳೆಯ ಮಾತು ಇಲ್ಲಿಗೆ ಬಂದು ಕೂಡಿಕೊಂಡಿತು. ನಮ್ಮದು ಎರಿ ಭೂಮಿ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ಬೇಸಿಗೆಯ ಬಿರುಕಿಗೆ ಕೈ ಇಳಿಸಬಹುದು, ಅಲ್ವಾ? ಅರ್ಥಿಂಗ್ ಪೈಪಿನ ಸುತ್ತಲೂ ಅದೇ ಆಗುತ್ತದೆ. ಮಣ್ಣು ಪೈಪನ್ನು ಬಿಟ್ಟು ಸರಿಯುತ್ತದೆ. ಒಣ ಮಣ್ಣಿನಲ್ಲಿ ಕರೆಂಟು ಸರಾಗ ಹರಿಯಲ್ಲ. ಹಿತ್ತಲಿನ ಗುಂಡಿಗೆ ಯಾರೂ ವರ್ಷಗಳಿಂದ ನೀರು ಹಾಕಿರಲಿಲ್ಲ. ಮೇಲೆ ಬಟ್ಟೆ ಒಗೆಯುವ ಕಲ್ಲು ಇಟ್ಟುಬಿಟ್ಟಿದ್ದರು.

ಮೊದಲು ಖರ್ಚಿಲ್ಲದ ಕೆಲಸ ಮಾಡಿದೆವು. ಕಂಪ್ಯೂಟರ್, ಮಾನಿಟರ್, ಎರಡೂ ಸ್ಪೀಕರ್, ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ಚಿದೆವು. ಆ ಬೋರ್ಡ್ ಇನ್ವರ್ಟರ್ ಲೈನಿಗೆ. ಗುಂಯ್ ಸದ್ದು ಹತ್ತಿರ ಹತ್ತಿರ ಪೂರ್ತಿ ಹೋಯಿತು. ಮಾಸ್ತರರು ಏನೂ ಹೇಳಲಿಲ್ಲ. ಎದ್ದು ಹೋಗಿ ಅಣ್ಣನ ಹಾಡು ಹಚ್ಚಿದರು.

ಎಲೆಕ್ಟ್ರಿಷಿಯನ್ ಅಲ್ಲಿಗೆ ಬಿಡಲಿಲ್ಲ, ಒಳ್ಳೆಯದೇ ಮಾಡಿದರು. "ಹಾಡಿನ ಮಾತು ಬಿಡ್ರಿ ಸರ್, ಈ ಅರ್ಥಿಂಗ್ ಇಟ್ಕೊಂಡು ಗೀಝರ್ ಹೆಂಗ ಹಚ್ತೀರಿ?" ಅಂದರು. ಗುಂಡಿ ಬಿಚ್ಚಿಸಿ ಹೊಸ ಜಿಐ ಪೈಪ್ ಇಳಿಸಿದರು. ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿದರು. ಎರಡು ಗುಂಡಿಗಳನ್ನೂ ದಪ್ಪ ವೈರಿನಿಂದ ಒಂದಕ್ಕೊಂದು ಜೋಡಿಸಿದರು. ಇಡೀ ಪ್ರಕರಣದಲ್ಲಿ ದೊಡ್ಡ ಖರ್ಚು ಅಂದರೆ ಇದೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗುಂಯ್ ಸದ್ದು ಹೋಗಲು ಪ್ಲಗ್ಗಿನ ಮೇಲಿನ ದಪ್ಪ ಪಿನ್ನು ಮುರಿದುಹಾಕಿ ಅಂತ ಮಾಸ್ತರರಿಗೆ ಯಾರೋ ಮೊದಲೇ ಹೇಳಿದ್ದರಂತೆ. ಮುರಿದರೆ ಸದ್ದು ಹೋಗುತ್ತದೆ, ಅದು ನಿಜ. ಜೊತೆಗೆ ರಕ್ಷಣೆಯೂ ಹೋಗುತ್ತದೆ. ಅರ್ಥ್ ಇಲ್ಲದ ಡೆಸ್ಕ್‌ಟಾಪಿನ ಕಬ್ಬಿಣದ ಮೈಯನ್ನು ಮುಟ್ಟಿದರೆ ಚುಂಯ್ ಅನ್ನುತ್ತದಲ್ಲ, ಅದು ಒಳಗಿನ ಪವರ್ ಸಪ್ಲೈಯಿಂದ ಸೋರುವ ಕರೆಂಟು. ಅದು ಅಲ್ಪ. ಆದರೆ ಒಳಗೆ ಏನಾದರೂ ಸುಟ್ಟು ಫೇಸ್ ವೈರ್ ಮೈಗೆ ತಾಗಿದರೆ ಜೀವಕ್ಕೇ ಅಪಾಯ. ಯಾವ ರಾಗಕ್ಕೂ ಆ ಪಿನ್ನು ಮುರಿಯಬೇಡಿ.

ಉಸಿರು ಎಳೆದಾಗ ಏರುವ ತಂಬೂರಿ

ಗುಂಯ್ ಹೋದ ಮೇಲೆ ಅದರ ಹಿಂದೆ ಅಡಗಿದ್ದ ದೋಷಗಳು ಒಂದೊಂದೇ ಕೇಳಿಸತೊಡಗಿದವು. ಹಾಡುವವರು ಆಲಾಪ ನಿಲ್ಲಿಸಿ ಉಸಿರು ಎಳೆದುಕೊಂಡಾಗ ತಂಬೂರಿ ನಿಧಾನಕ್ಕೆ ಮೇಲೆ ಏರುತ್ತಿತ್ತು. ಮತ್ತೆ ದನಿ ಬಂದ ಕೂಡಲೇ ಕೆಳಗೆ ಕೂರುತ್ತಿತ್ತು. ಯಾರೋ ಪಕ್ಕದಲ್ಲಿ ನಿಂತು ವಾಲ್ಯೂಮ್ ತಿರುಗಿಸಿದ ಹಾಗೆ.

ಇದು ಪೂರ್ತಿ ವಿಂಡೋಸ್ ಒಳಗಿನದು. ಸೌಂಡ್ ಸೆಟ್ಟಿಂಗ್‌ನಲ್ಲಿ ಸ್ಪೀಕರಿನ ಪ್ರಾಪರ್ಟೀಸ್ ತೆರೆದರೆ ಎನ್‌ಹಾನ್ಸ್‌ಮೆಂಟ್ಸ್ ಅಂತ ಒಂದು ಪುಟ ಇತ್ತು. ಅಲ್ಲಿ ಲೌಡ್‌ನೆಸ್ ಈಕ್ವಲೈಸೇಶನ್‌ಗೆ ಟಿಕ್ ಬಿದ್ದಿತ್ತು. ಸಣ್ಣ ಸದ್ದನ್ನು ಏರಿಸಿ, ದೊಡ್ಡ ಸದ್ದನ್ನು ಇಳಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು ಅದರ ಕೆಲಸ. ಸಿನಿಮಾ ನೋಡಲು ಅನುಕೂಲ. ಖಯಾಲ್ ಗಾಯನಕ್ಕೆ ಅದು ಬೇಡ. ಮೆಲ್ಲಗೆ ಹಿಡಿದ ಸ್ವರಕ್ಕೂ ವೇಗವಾಗಿ ಓಡುವ ತಾನಿಗೂ ಇರುವ ಅಂತರವೇ ಅಲ್ಲಿ ಹಾಡು.

ಟಿಕ್ ತೆಗೆಯಲು ಹೋದಾಗ ಮಾಸ್ತರರು ತಡೆದರು. ಅದನ್ನು ಹಾಕಿದ್ದು ಅವರೇ. ಕಾರಣವೂ ಇತ್ತು. ಒಂದು ಕ್ಯಾಸೆಟ್ ಜೋರು, ಇನ್ನೊಂದು ಮೆಲ್ಲಗೆ. ಪ್ರತಿ ಸಲ ಎದ್ದು ಸರಿ ಮಾಡಬೇಕು. ಮೊಣಕಾಲು ನೋವಿನವರಿಗೆ ಅದು ಸಣ್ಣ ಕಷ್ಟವಲ್ಲ. ಇಂಥ ಕಡೆ ಸುಮ್ನೆ ಆಫ್ ಮಾಡಿ ಬಂದರೆ ನಾಳೆ ಮತ್ತೆ ಆನ್ ಆಗುತ್ತದೆ. ಅವರ ತೊಂದರೆಗೆ ಬೇರೆ ದಾರಿ ಕೊಡಬೇಕು. ಅದಕ್ಕೆ ಫೂಬಾರ್ 2000 ಅನ್ನುವ, ಹಾಡು ನುಡಿಸುವ ಪ್ರೋಗ್ರಾಂ ಹಾಕಿದೆ. ಅದೂ ಉಚಿತ. ಅದರಲ್ಲಿ ರೀಪ್ಲೇಗೇನ್ ಅಂತ ಒಂದು ಏರ್ಪಾಡಿದೆ. ಇಡೀ ಫೈಲನ್ನು ಒಮ್ಮೆ ಅಳೆದು, ಇದನ್ನು ಇಷ್ಟು ಏರಿಸು ಅಥವಾ ಇಳಿಸು ಅಂತ ಒಂದೇ ಅಂಕಿ ಬರೆದಿಡುತ್ತದೆ. ಹಾಡಿನ ನಡುವೆ ಕೈ ಹಾಕಲ್ಲ. ಎಲ್ಲ ಫೈಲು ಅಳೆಯಲು ಒಂದು ಮಧ್ಯಾಹ್ನ ಹಿಡಿಯಿತು. ಆಮೇಲೆ ಟಿಕ್ ತೆಗೆದೆವು.

ಅದೇ ಕಿಟಕಿಯ ಅಡ್ವಾನ್ಸ್‌ಡ್ ಪುಟದಲ್ಲಿ ಡೀಫಾಲ್ಟ್ ಫಾರ್ಮ್ಯಾಟ್ 48000 ಹರ್ಟ್ಸ್ ಇತ್ತು, ಅಂದರೆ ಸದ್ದನ್ನು ಸೆಕೆಂಡಿಗೆ 48000 ಸಲ ಅಳೆದ ಅಂಕಿ. ಮಾಸ್ತರರ ಫೈಲುಗಳು ಸಿಡಿಯಂತೆ 44100 ಹರ್ಟ್ಸ್‌ನವು. ವಿಂಡೋಸ್ ಎಲ್ಲ ಪ್ರೋಗ್ರಾಂಗಳ ಸದ್ದನ್ನೂ ಒಟ್ಟಿಗೆ ಕಲಸಿ, ಅಲ್ಲಿ ಬರೆದ ಅಂಕಿಗೆ ಪರಿವರ್ತಿಸಿ ಕಳಿಸುತ್ತದೆ. 44100ಕ್ಕೆ ಬದಲಿಸಿದೆ. ಫೂಬಾರಿನಲ್ಲಿ ಔಟ್‌ಪುಟ್‌ಗೆ ಎಕ್ಸ್‌ಕ್ಲೂಸಿವ್ ಆರಿಸಿದೆ. ಹಾಗೆ ಮಾಡಿದರೆ ಆ ಕಲಸುವ ಹಂತವೇ ತಪ್ಪುತ್ತದೆ, ಮೆಸೇಜ್ ಬಂದಾಗಿನ ಟಿಂಗ್ ಸದ್ದೂ ಹಾಡಿನ ನಡುವೆ ಬರಲ್ಲ. ಪ್ರಾಮಾಣಿಕವಾಗಿ ಹೇಳಬೇಕು. 48000ದಿಂದ 44100ಕ್ಕೆ ಬದಲಿಸಿದ್ದರಿಂದ ಸದ್ದಿನಲ್ಲಿ ಆದ ವ್ಯತ್ಯಾಸ ನನಗಾಗಲೀ ಮಾಸ್ತರರಿಗಾಗಲೀ ಕೇಳಿಸಲಿಲ್ಲ. ಟಿಂಗ್ ಸದ್ದು ನಿಂತದ್ದು ಮಾತ್ರ ಅವರಿಗೆ ಬಹಳ ಇಷ್ಟವಾಯಿತು.

ಕೇಳಿಸುವಷ್ಟು ವ್ಯತ್ಯಾಸ ಮಾಡಿದ್ದು ಇನ್ನೊಂದು ಸಣ್ಣ ಕೆಲಸ. ವಿಂಡೋಸ್ ವಾಲ್ಯೂಮ್ 20ರಲ್ಲಿ ಇಟ್ಟು, ಸ್ಪೀಕರಿನ ತಿರುಗಣಿಯನ್ನು ಪೂರ್ತಿ ತಿರುಗಿಸಿದ್ದರು. ಅಂದರೆ ಹಾಡು ಬಡಕಲಾಗಿ ಹೊರಟು, ದಾರಿಯ ಕಸವನ್ನೆಲ್ಲ ಕೂಡಿಕೊಂಡು, ಕೊನೆಗೆ ಕಸದ ಸಮೇತ ದೊಡ್ಡದಾಗುತ್ತಿತ್ತು. ತಿರುವುಮುರುವು ಮಾಡಿದೆವು. ವಿಂಡೋಸ್ ಮೇಲಕ್ಕೆ, ಸ್ಪೀಕರ್ ಕೆಳಕ್ಕೆ. ಸ್ಸ್ ಅನ್ನುವ ಸದ್ದು ತಕ್ಷಣ ಕಡಿಮೆಯಾಯಿತು. ಕೇಬಲ್ಲನ್ನು ಕಂಪ್ಯೂಟರ್ ಡಬ್ಬಿಯ ಮುಂದಿನ ತೂತಿನಿಂದ ತೆಗೆದು ಹಿಂದಿನ ಹಸಿರು ತೂತಿಗೆ ಹಾಕಿದೆ. ಮುಂದಿನ ತೂತಿಗೆ ಡಬ್ಬಿಯೊಳಗೆ ಉದ್ದ ವೈರ್ ಓಡುತ್ತದೆ. ಅದು ಮೌಸ್ ಆಡಿಸಿದಾಗಿನ ಕಿರ್ ಅನ್ನುವ ಗದ್ದಲವನ್ನೆಲ್ಲ ಹಿಡಿಯುತ್ತದೆ. ಹಿಂದಕ್ಕೆ ಬದಲಿಸಿದ ಮೇಲೆ ಕಿರ್ ಹೋಯಿತು.

ಇನ್ನು ಟಿಕ್, ಟಿಕ್ ಅಂತ ಆಗೀಗ ಬರುತ್ತಿದ್ದ ಸದ್ದು. ಮಾಸ್ತರರು ಅದನ್ನು ಟೇಪಿನದೇ ಅಂದುಕೊಂಡಿದ್ದರು. ಎರಡು ಸಲ ಹಚ್ಚಿದರೆ ಎರಡು ಸಲವೂ ಬೇರೆ ಬೇರೆ ಕಡೆ ಬಂತು. ಹಾಗಾಗಿ ಅದು ಟೇಪಿನದಲ್ಲ. ಲೇಟೆನ್ಸಿಮಾನ್ ಅನ್ನುವ ಪ್ರೋಗ್ರಾಂ ಓಡಿಸಿದಾಗ ವೈಫೈ ಡ್ರೈವರ್ ಪ್ರೊಸೆಸರನ್ನು ಆಗಾಗ ಹಿಡಿದುಕೊಂಡು ಕೂರುವುದು ಕಂಡಿತು. ಆ ಹೊತ್ತಿಗೆ ಸದ್ದಿನ ಸರದಿ ತಪ್ಪುತ್ತಿತ್ತು. ಹೊಸ ಡ್ರೈವರ್ ಹಾಕಿ, ಫೂಬಾರಿನ ಬಫರ್, ಅಂದರೆ ಮುಂಚೆಯೇ ತುಂಬಿಡುವ ಸದ್ದು, 1000 ಮಿಲಿಸೆಕೆಂಡ್ ಮಾಡಿದೆ. ಆಮೇಲೆ ಬರಲಿಲ್ಲ.

ಫರಸಿ, ಕೌದಿ, ಕುರ್ಚಿ

ಕಂಪ್ಯೂಟರ್ ಕೆಲಸ ಇಲ್ಲಿಗೆ ಮುಗಿಯಿತು. ಆದರೆ ಆ ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿದರೆ ಟರ್ರ್ ಅಂತ ಗೋಡೆಯಿಂದ ಗೋಡೆಗೆ ಓಡುತ್ತಿತ್ತು. ಶಹಾಬಾದ್ ಕಲ್ಲು ಬೇಸಿಗೆಯಲ್ಲಿ ಕಾಲಿಗೆ ತಂಪು, ಕಿವಿಗೆ ಗಟ್ಟಿ. ಬಿದ್ದ ಸದ್ದನ್ನು ಹಾಗೇ ವಾಪಸು ಎಸೆಯುತ್ತದೆ. ಮಾತು ಕಲಸಿಹೋಗುತ್ತದೆ, ಜವಾರಿಯ, ಅಂದರೆ ತಂಬೂರಿ ತಂತಿಯ ಝೇಂಕಾರದ, ಮಿನುಗು ಚುಚ್ಚುತ್ತದೆ.

ನೆಲಕ್ಕೆ ಜಮಖಾನ ಹಾಸಿದೆವು. ಗೋಡೆಗೆ ಏನು ಮಾಡುವುದು? ಕೆಳಗೆ ಟ್ರಂಕಿನಲ್ಲಿ ಕೌದಿಗಳಿದ್ದವು, ಮಾಸ್ತರರ ಮನೆಯವರು ಕೈಯಲ್ಲಿ ಹೊಲಿದವು. ಏಳೆಂಟು ಪದರ ಹಳೆಯ ಸೀರೆ, ಧೋತರ ಸೇರಿಸಿ ಹೊಲಿದ ಕೌದಿಗಿಂತ ಒಳ್ಳೆಯ ವಸ್ತು ಇದಕ್ಕೆ ಎಲ್ಲಿ ಸಿಗುತ್ತದೆ? ಕೇಳಲು ನನಗೆ ಸಂಕೋಚ. ಅವ್ವಾರೇ ಮೇಲೆ ಬಂದು ನೋಡಿದರು. "ಹೊಚ್ಕೊಳ್ಳಲಾಕ ಹೊಲಿದದ್ದು ಗ್ವಾಡಿಗಿ ಹಾಕ್ತೀರೇನು?" ಅಂದರು. ಆಮೇಲೆ ತಾವೇ ಎರಡು ದೊಡ್ಡ ಕೌದಿ ತಂದು ಕೊಟ್ಟರು. ಒಂದರಲ್ಲಿ ಆ ತೀರಿಹೋದ ಅಣ್ಣನ ಧೋತರದ ತುಂಡೂ ಇದೆ ಅಂತ ಮಾಸ್ತರರು ಆಮೇಲೆ ಹೇಳಿದರು. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಟ್ಟು, ಸ್ಪೀಕರಿನ ಎದುರು ಗೋಡೆಗೆ ಒಂದು, ಪಕ್ಕಕ್ಕೆ ಒಂದು ತೂಗುಹಾಕಿದೆವು. ಹಿಂದೆ ಗಾಳಿ ಇದ್ದರೆ ಬಟ್ಟೆ ಇನ್ನಷ್ಟು ಸದ್ದು ಕುಡಿಯುತ್ತದೆ. ಚಪ್ಪಾಳೆಯ ಟರ್ರ್ ನಿಂತಿತು.

ಖರ್ಜದ ತಂತಿ ಮಾತ್ರ ಇನ್ನೂ ಗುಮ್ಮೆನ್ನುತ್ತಿತ್ತು. ಅದಕ್ಕೆ ಕೌದಿ ಸಾಲದು. ಕೆಳಗಿನ ಸ್ವರಗಳ ಅಲೆ ಮೀಟರುಗಟ್ಟಲೆ ಉದ್ದ, ಬಟ್ಟೆಯನ್ನು ದಾಟಿ ಹೋಗುತ್ತದೆ. ಇಲ್ಲಿ ಕೋಣೆಯ ಅಳತೆಯೇ ಕಾರಣವಾಗಿತ್ತು. ಎಂಟು ಅಡಿ ಅಗಲ ಅಂದರೆ 2.44 ಮೀಟರ್. ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಕಂಪನವನ್ನು ಕೋಣೆ ತಾನೇ ಎತ್ತಿ ಹಿಡಿಯುತ್ತದೆ. ಸದ್ದಿನ ವೇಗವನ್ನು ಆ ಅಗಲದ ಎರಡರಷ್ಟರಿಂದ ಭಾಗಿಸಿದರೆ 70ರ ಹತ್ತಿರ ಬರುತ್ತದೆ. ಖರ್ಜ 69. ಆ ಕೋಣೆ ಅಣ್ಣನ ಖರ್ಜಕ್ಕೇ ಅಳತೆ ಕೊಟ್ಟು ಕಟ್ಟಿಸಿದಂತಿತ್ತು.

ಇಂಥ ಮೊಳಗು ಗೋಡೆಯ ಬಳಿ ಅತಿ ಹೆಚ್ಚು, ನಡುವೆ ಅತಿ ಕಡಿಮೆ. ಮಾಸ್ತರರ ಕುರ್ಚಿ ಪಕ್ಕದ ಗೋಡೆಗೆ ಒರಗಿಕೊಂಡಿತ್ತು. ಅದನ್ನು ಅಗಲದ ನಡುಮಧ್ಯಕ್ಕೆ ಎಳೆದೆವು. ಸ್ಪೀಕರುಗಳನ್ನು ಮೂಲೆಯಿಂದ ಹೊರಗೆ ತಂದು, ಕಿವಿಯ ಎತ್ತರಕ್ಕೆ ಏರಿಸಿ, ಎರಡು ಸ್ಪೀಕರ್ ಮತ್ತು ಕುರ್ಚಿ ಮೂರೂ ಸಮ ದೂರ ಇರುವಂತೆ ಇಟ್ಟೆವು. ಅಲಮಾರಿಯ ಬಾಗಿಲಿನ ನಡುವೆ ಮಡಚಿದ ಬಟ್ಟೆ ಸಿಕ್ಕಿಸಿದೆವು, ಅದು ತಬಲಾದ ಬಾಯಾಂ (ಎಡಗೈಯದು) ನುಡಿದಾಗಲೆಲ್ಲ ಜೊತೆಗೆ ನುಡಿಯುತ್ತಿತ್ತು. ಒಂದು ರೂಪಾಯಿ ಖರ್ಚಿಲ್ಲದ ಈ ಅರ್ಧ ತಾಸಿನ ಕೆಲಸ, ಯಾವ ಸೆಟ್ಟಿಂಗಿಗಿಂತಲೂ ದೊಡ್ಡ ಬದಲಾವಣೆ ತಂದಿತು. ನನ್ನ ಅನುಭವದಲ್ಲಿ ಜನ ಇದನ್ನೇ ಕಡೆಗೆ ಇಡುತ್ತಾರೆ. ಬಹಳ ಮನೆಗಳಲ್ಲಿ ಮಾಡುವುದೇ ಇಲ್ಲ.

ಡಬ್ಬಿಯ ಫ್ಯಾನ್ ಬೇಸಿಗೆಯಲ್ಲಿ ಬೀಸುಕಲ್ಲಿನಂತೆ ಗುರುಗುಟ್ಟುತ್ತಿತ್ತು. ತೆರೆದು ಧೂಳು ತೆಗೆದು ಪ್ರೊಸೆಸರಿಗೆ ಹೊಸ ಪೇಸ್ಟ್ ಹಚ್ಚಿದೆ. ಪವರ್ ಆಪ್ಷನ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದೆ. ಆ ಒಂದು ಅಂಕಿಗೆ ಟರ್ಬೋ, ಅಂದರೆ ಅದರ ಹೆಚ್ಚುವರಿ ವೇಗ, ನಿಲ್ಲುತ್ತದೆ, ಶಾಖ ಇಳಿಯುತ್ತದೆ, ಫ್ಯಾನ್ ಮೆಲ್ಲಗಾಗುತ್ತದೆ. ಕೂಲರ್ ಬಗ್ಗೆ ಏನೂ ಮಾಡಲಾಗಲಿಲ್ಲ. 42 ಡಿಗ್ರಿ ಬಿಸಿಲಿನಲ್ಲಿ ಅದನ್ನು ಬಂದ್ ಮಾಡಿ ಅನ್ನುವುದು ಸರಿಯೂ ಅಲ್ಲ. ಮಾಸ್ತರರು ಈಗ ಬೆಳಗ್ಗೆ ಐದಕ್ಕೆ ಎದ್ದು ಕೇಳುತ್ತಾರೆ.

ಕೊಳ್ಳದೆ ಬಿಟ್ಟದ್ದು

ಹೊಸ ರ‍್ಯಾಮ್, ಎಸ್‌ಎಸ್‌ಡಿ ಹಾಕಿದರೆ ಸದ್ದು ಸುಧಾರಿಸುತ್ತದೆಯೇ ಅಂತ ಅವರು ಕೇಳಿದರು. ಇಲ್ಲ. ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 176 ಕಿಲೋಬೈಟ್ ಸಾಕು. ಹಳೆಯ ಹಾರ್ಡ್ ಡಿಸ್ಕಿಗೂ ಅದು ಲೆಕ್ಕಕ್ಕಿಲ್ಲದ ಕೆಲಸ. ಅಂಗಡಿಯವರು ಹೇಳಿದ ಕೇಬಲ್ಲೂ ಬೇಡವೆಂದು ಬಿಟ್ಟೆವು.

ಫೈಲಿನ ವಿಷಯದಲ್ಲಿ ಒಂದು ಪರೀಕ್ಷೆ ಮಾಡಿದೆವು. ಫೂಬಾರಿಗೆ ಎಬಿಎಕ್ಸ್ ಅನ್ನುವ ಜೋಡಣೆ ಸಿಗುತ್ತದೆ. ಯಾವುದು ಯಾವ ಫೈಲ್ ಅಂತ ತೋರಿಸದೆ ಕೇಳಿಸಿ, ಊಹಿಸಿ ಅನ್ನುತ್ತದೆ. ಏನನ್ನೂ ಕಳೆಯದೆ ಉಳಿಸುವ ಫ್ಲ್ಯಾಕ್ ಮತ್ತು ಸದ್ದನ್ನು ಕುಗ್ಗಿಸಿ ಉಳಿಸುವ ಎಂಪಿ3 (ಸೆಕೆಂಡಿಗೆ 320 ಕಿಲೋಬಿಟ್‌ನದು) ನಡುವೆ ಮಾಸ್ತರರು ಹತ್ತರಲ್ಲಿ ಐದು ಸರಿ ಹೇಳಿದರು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಆದರೆ ಶುರುವಿನ ದಿನಗಳಲ್ಲಿ ಜಾಗ ಉಳಿಸಲು 64ರಲ್ಲಿ ಉಳಿಸಿದ್ದ ಫೈಲುಗಳಿದ್ದವು. ಅವನ್ನು ಹತ್ತಕ್ಕೆ ಹತ್ತೂ ಗುರುತಿಸಿದರು. ಜವಾರಿ ನೀರಿನೊಳಗಿಂದ ಕೇಳಿದಂತಿತ್ತು. ಅವನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಹೋದದ್ದು ವಾಪಸು ಬರಲ್ಲ. ಕ್ಯಾಸೆಟ್ ಇನ್ನೂ ಕೈಯಲ್ಲಿದೆಯಲ್ಲ, ಮತ್ತೆ ಏರಿಸಬೇಕು. ಒಂದು ತಾಸಿನ ಹಾಡು ಪೂರ್ತಿ ರೂಪದಲ್ಲಿ 635 ಎಂಬಿ ಆಗುತ್ತದೆ, ಫ್ಲ್ಯಾಕ್‌ನಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಈಗ ಜಾಗದ ಚಿಂತೆಯಿಲ್ಲ. ಆ ಕೆಲಸ ನಡೆದಿದೆ.

ಎರಡು ಸಂಗತಿ ಉಳಿದಿವೆ. ಇನ್ವರ್ಟರ್ ಸ್ಕ್ವೇರ್ ವೇವ್‌ನದು. ಕರೆಂಟ್ ಹೋದಾಗ ಜುಯ್ ಅಂತ ಗಡಸು ಸದ್ದು ಬರುತ್ತದೆ. ಮುಂದಿನ ಸಲ ಬದಲಿಸುವಾಗ ಸೈನ್ ವೇವ್‌ನದು ತರಬೇಕು, ಅಲ್ಲಿಯವರೆಗೆ ಕರೆಂಟ್ ಹೋದರೆ ಸ್ಪೀಕರ್ ಬಂದ್.

ಇನ್ನೊಂದು, ಕೆಲವು ಕ್ಯಾಸೆಟ್‌ಗಳಲ್ಲಿ ಗುಂಯ್ ಸದ್ದು ರೆಕಾರ್ಡ್ ಮಾಡಿದ ದಿನವೇ ಟೇಪಿನೊಳಗೆ ಕೂತಿದೆ. 100ನ್ನು ಮಾತ್ರ ಕತ್ತರಿಸುವ ಫಿಲ್ಟರ್ ಇದೆ. ಒಂದು ಫೈಲಿಗೆ ಹಾಕಿ ತೋರಿಸಿದೆ. ಗುಂಯ್ ಹೋಯಿತು. ಆದರೆ ನಾಲ್ಕೇ ಹೆಜ್ಜೆ ಆಚೆ ಪಂಚಮ ನಿಂತಿದೆ, ಅದರ ಮೈಯೂ ಸ್ವಲ್ಪ ಸವೆಯಿತು. ಮಾಸ್ತರರು ಎರಡು ಸಲ ಕೇಳಿ ತಲೆ ಅಲ್ಲಾಡಿಸಿದರು. "ಇದು ಹಂಗೇ ಇರಲಿ ತಮ್ಮಾ. ಆ ದಿನ ಆ ಮನ್ಯಾಗ ಆ ಸದ್ದು ಇತ್ತು." ಮೂಲ ಫೈಲನ್ನು ಮುಟ್ಟದೆ ಬಿಟ್ಟೆ.

ಬೇಸಿಗೆಯಲ್ಲಿ ಹಿತ್ತಲಿನ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಬೇಕು ಅಂತ ಎಲೆಕ್ಟ್ರಿಷಿಯನ್ ಹೇಳಿ ಹೋಗಿದ್ದರು. ಬಟ್ಟೆ ಒಗೆಯುವ ಕಲ್ಲನ್ನು ಆಚೆ ಸರಿಸಿದ್ದಾರೆ. ಸೋಮವಾರ ಬೆಳಗ್ಗೆ, ಹಾಡು ಕೇಳಿ ಮುಗಿದ ಮೇಲೆ, ಮಾಸ್ತರರು ಮೆಟ್ಟಿಲು ಇಳಿದು ಹೋಗಿ ನೀರು ಹಾಕುತ್ತಾರೆ.